ಕಿರಾಣಿ ಚೀಟಿಯಿಂದ ತಾಟಿನವರೆಗೆ: ವಿಜಯಪುರದ ಊಟವನ್ನೇ ಸರಿ ಮಾಡಿಕೊಳ್ಳುವ ಬಗೆ

ಆರೋಗ್ಯದ ಊಟ ಶುರು ಮಾಡಬೇಕು ಅಂತ ಮನಸ್ಸು ಮಾಡಿದ ಕೂಡಲೇ ನಮ್ಮ ಕಡೆ ಮನೆಗೆ ಓಟ್ಸ್ ಡಬ್ಬಿ ಬರುತ್ತದೆ, ಗ್ರೀನ್ ಟೀ ಬರುತ್ತದೆ. ತಿಂಗಳು ಕಳೆಯುವುದರೊಳಗೆ ಎರಡೂ ಕಪಾಟಿನ ಹಿಂದಿನ ಸಾಲಿಗೆ ಹೋಗುತ್ತವೆ. ಜೋಳದ ರೊಟ್ಟಿ, ಕಾಳಿನ ಪಲ್ಲೆ, ಹಸಿ ತಪ್ಪಲು (ಸೊಪ್ಪು), ಮೊಸರು, ಶೇಂಗಾ ಹಿಂಡಿ (ಚಟ್ನಿಪುಡಿ) ಇರುವ ತಾಟಿಗೆ ಹೊರಗಿನಿಂದ ಏನನ್ನೂ ತಂದು ಸೇರಿಸಬೇಕಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೆಟ್ಟಿರುವುದು ಅಳತೆ ಮಾತ್ರ. ರೊಟ್ಟಿ, ಅನ್ನ ಹೆಚ್ಚಾಗಿವೆ, ಪಲ್ಲೆ ತಾಟಿನ ಮೂಲೆಗೆ ಸರಿದಿದೆ, ಎಣ್ಣೆ ಮತ್ತು ಉಪ್ಪು ಕೈ ಮೀರಿವೆ, ಚಹಾದ ಸಕ್ಕರೆಯನ್ನಂತೂ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಇದರ ಜೊತೆಗೆ ಮಿರ್ಚಿ ಭಜಿ, ಹಾಲಿನ ಸಿಹಿಯಾದ ಕುಂದಾ, ಕರದಂಟಿನಂಥ ಬಾಯಿರುಚಿಯ ಪದಾರ್ಥಗಳನ್ನು ಕದ್ದು ತಿಂದವರಂತೆ ಅವಸರದಲ್ಲಿ ತಿಂದು, ಆಮೇಲೆ ಪೇಚಾಡುತ್ತೇವೆ. ಅಳತೆ ಸರಿ ಮಾಡಿಕೊಂಡರೆ ಅವುಗಳಿಗೂ ವಾರದಲ್ಲಿ ಮರ್ಯಾದೆಯ ಜಾಗ ಸಿಗುತ್ತದೆ.

ಸಕ್ಕರೆ ಕಾಯಿಲೆ, ಬಿಪಿ, ಮೂತ್ರಪಿಂಡದ ತೊಂದರೆ ಇದ್ದವರು ಇಲ್ಲಿಯ ಅಳತೆಗಳನ್ನು ಪಾಲಿಸುವ ಮೊದಲು ತಮ್ಮ ಡಾಕ್ಟರನ್ನು ಕೇಳಬೇಕು. ಉಳಿದವರು ಹೆಜ್ಜೆಗಳನ್ನು ಒಟ್ಟಿಗೇ ಹಿಡಿಯದೆ, ಒಂದು ರೂಢಿಯಾದ ಮೇಲೆ ಇನ್ನೊಂದಕ್ಕೆ ಕೈ ಹಾಕಿ. ಇವತ್ತು ಚೀಟಿ, ನಾಳೆಯಿಂದ ತಾಟು. ಚಹಾದ ಸಕ್ಕರೆ ನಿಧಾನಕ್ಕೆ ಇಳಿಯಲಿ.

ಹೆಜ್ಜೆ 1: ತಿಂಗಳ ಕಿರಾಣಿ ಚೀಟಿ ತೆಗೆದು ಕೂಡಿ

ಮೊಬೈಲ್ ಆ್ಯಪ್‌ನಲ್ಲಿ ತುತ್ತು ತುತ್ತಿಗೂ ಕ್ಯಾಲರಿ ಬರೆಯುವ ಉಸಾಬರಿ ಹೆಚ್ಚು ದಿನ ನಡೆಯುವುದಿಲ್ಲ. ಮನೆಯವರೆಲ್ಲ ಏನು ತಿನ್ನುತ್ತಿದ್ದಾರೆ ಎಂಬುದನ್ನು ಕಿರಾಣಿ ಅಂಗಡಿಯ ಚೀಟಿಯೇ ಸುಳ್ಳಿಲ್ಲದೆ ಹೇಳುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಹೊಸ ಆಹಾರ ಮಾರ್ಗಸೂಚಿ ಹೊರತಂದಿತು. ದಿನಕ್ಕೆ ಸುಮಾರು 2000 ಕ್ಯಾಲರಿ ಸಾಕಾಗುವ ವಯಸ್ಕರಿಗೆ ಅದು ಹೇಳುವ ಲೆಕ್ಕ ಹೀಗಿದೆ: ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಕಾಯಿಪಲ್ಲೆ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿ.ಲೀ., ಶೇಂಗಾ-ಎಳ್ಳಿನಂಥ ಬೀಜಗಳು 35 ಗ್ರಾಂ, ಎಣ್ಣೆ-ತುಪ್ಪ 27 ಗ್ರಾಂ. ಉಪ್ಪು ದಿನಕ್ಕೆ 5 ಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೇರಿಸಿಕೊಂಡು ತಿನ್ನುವ ಸಕ್ಕರೆ 50 ಗ್ರಾಮಿನ ಒಳಗಿರಬೇಕು, 25ಕ್ಕೆ ಇಳಿದರೆ ಇನ್ನೂ ಒಳ್ಳೆಯದು.

ದಿನದ ಗ್ರಾಂ ಲೆಕ್ಕ ತಲೆಗೆ ಹತ್ತುವುದಿಲ್ಲ. ಅದನ್ನೇ ನಾಲ್ಕು ಜನರ ಮನೆಯ ತಿಂಗಳ ಸಾಮಾನಿಗೆ ತಿರುಗಿಸಿ ನೋಡಿ. ಎಣ್ಣೆ ಸುಮಾರು ಮೂರೂವರೆ ಲೀಟರ್. ತುಪ್ಪ ತಿನ್ನುವ ಮನೆಯಾದರೆ ಅದೂ ಇದರಲ್ಲೇ ಬಂತು. ಉಪ್ಪು 600 ಗ್ರಾಂ, ಅಂದರೆ ಒಂದು ಕಿಲೋ ಪಾಕೀಟು ಒಂದೂವರೆ ತಿಂಗಳಿಗಿಂತ ಹೆಚ್ಚು ಬರಬೇಕು. ಸಕ್ಕರೆ, ಬೆಲ್ಲ ಎರಡೂ ಸೇರಿ, 25 ಗ್ರಾಮಿನ ಲೆಕ್ಕದಲ್ಲಿ, 3 ಕಿಲೋ ಒಳಗೆ. ಬೇಳೆ, ಕಾಳು 10 ಕಿಲೋ. ಕಾಯಿಪಲ್ಲೆ ವಾರಕ್ಕೆ 11 ಕಿಲೋ.

ಈಗ ನಿಮ್ಮ ಚೀಟಿ ನೋಡಿ. ಬಹುತೇಕ ಮನೆಗಳಲ್ಲಿ ಎಣ್ಣೆ ಐದು ಲೀಟರ್ ದಾಟಿರುತ್ತದೆ, ಬೇಳೆಕಾಳು ಅರ್ಧಕ್ಕೆ ನಿಂತಿರುತ್ತದೆ. ಹೊಲದಲ್ಲಿ ದುಡಿಯುವವರಿದ್ದರೆ ಲೆಕ್ಕ ಬೇರೆಯಾಗುತ್ತದೆ, ಮಕ್ಕಳಿದ್ದರೂ ಬೇರೆ. ಹಾಗಿದ್ದರೂ ಯಾವುದು ಏರಿದೆ, ಯಾವುದು ಇಳಿದಿದೆ ಅನ್ನುವುದು ಕಣ್ಣಿಗೆ ಬೀಳುತ್ತದೆ. ಹೆಚ್ಚಾಗಿರುವ ಒಂದು ಪದಾರ್ಥಕ್ಕೆ ಗೆರೆ ಎಳೆಯಿರಿ, ಕಡಿಮೆಯಾಗಿರುವ ಒಂದಕ್ಕೆ ಸುತ್ತು ಹಾಕಿ. ಮುಂದಿನ ತಿಂಗಳ ಚೀಟಿಯಲ್ಲಿ ಇವೆರಡನ್ನೇ ಬದಲಿಸಿ. ಎಣ್ಣೆ ಕಡಿಮೆ ತಂದರೆ ಕಡಿಮೆಯೇ ಖರ್ಚಾಗುತ್ತದೆ. ಡಬ್ಬಿ ತುಂಬಿರುವತನಕ ಒಗ್ಗರಣೆ ಹಾಕುವ ಕೈ ಬಿಗಿಯಾಗುವುದಿಲ್ಲ.

ಹೆಜ್ಜೆ 2: ತಾಟು ಬಡಿಸುವ ಕ್ರಮ ಬದಲಿಸಿ

ಬಾದಾಮಿಯ ಬನಶಂಕರಿ ಗುಡಿಗೆ ಹೋದವರಿಗೆ ಗೊತ್ತು, ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಬಂದು ಊಟಕ್ಕೆ ಕೂಗಿ ಕರೆಯುತ್ತಾರೆ. ರೊಟ್ಟಿಯ ಮೇಲೆ ಕಾಳಿನ ಪಲ್ಲೆ, ಪಕ್ಕಕ್ಕೆ ಬದನೆಕಾಯಿ, ಕೆಂಪು ಚಟ್ನಿ, ಗಟ್ಟಿ ಮೊಸರು. ಧಾನ್ಯ, ಕಾಳು, ಕಾಯಿಪಲ್ಲೆ, ಮೊಸರು ಎಲ್ಲ ಒಂದೇ ರೊಟ್ಟಿಯ ಮೇಲೆ ಬಂದಿರುತ್ತವೆ. ಮನೆಯ ತಾಟಿಗೂ ಇದೇ ಮಾದರಿ ಸಾಕು.

ಬಡಿಸುವಾಗ ಮೊದಲು ಪಲ್ಲೆ ಬರಲಿ. ತಾಟಿನ ಅರ್ಧಕ್ಕೆ ಕಾಯಿಪಲ್ಲೆ ಮತ್ತು ಹಸಿ ತಪ್ಪಲು, ಕಾಲು ಭಾಗಕ್ಕೆ ಕಾಳು ಅಥವಾ ಬೇಳೆ, ಉಳಿದ ಕಾಲಿಗೆ ರೊಟ್ಟಿ ಅಥವಾ ಅನ್ನ, ಪಕ್ಕಕ್ಕೆ ಒಂದು ವಾಟಿ ಮೊಸರು. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿಯುತ್ತದೆ ಅಂದುಕೊಂಡರೆ ದಿನದ ಧಾನ್ಯವೆಲ್ಲ ಐದು ರೊಟ್ಟಿಗೇ ಮುಗಿಯಿತು. ಬೆಳಗಿನ ಉಪ್ಪಿಟ್ಟು, ಅವಲಕ್ಕಿ, ಮಧ್ಯಾಹ್ನದ ಅನ್ನ ಎಲ್ಲ ಆ ಐದರ ಒಳಗೇ ಬರಬೇಕು. ಒಂದು ವಾಟಿ ಅನ್ನಕ್ಕೆ ಒಂದು ರೊಟ್ಟಿ ಎಂದು ಲೆಕ್ಕ ಹಿಡಿಯಿರಿ. ಮೂರು ರೊಟ್ಟಿ ತಿಂದು, ‘ಕಡೀಕ ಒಂದೀಟು ಅನ್ನ ಸಾರು’ ಅಂತ ತಾಟು ಮುಂದೆ ಚಾಚುವುದು ನಮ್ಮ ಹಳೆಯ ಚಟ. ಆ ಒಂದೀಟು ಸಾಮಾನ್ಯವಾಗಿ ಎರಡು ವಾಟಿ ಇರುತ್ತದೆ. ಅನ್ನ ಬೇಕೇ ಬೇಕು ಅನ್ನುವವರು ಒಂದು ರೊಟ್ಟಿ ಬಿಟ್ಟುಕೊಡಿ.

ಜೋಳ ತಿಂದರೆ ಶುಗರ್ ಬರುವುದಿಲ್ಲ ಅಂತ ಧೈರ್ಯವಾಗಿ ಐದಾರು ರೊಟ್ಟಿ ಹೊಡೆಯುವವರಿದ್ದಾರೆ. ಜೋಳದಲ್ಲಿ ನಾರು ಚೆನ್ನಾಗಿದೆ, ನೂರು ಗ್ರಾಮಿಗೆ ಸುಮಾರು 10 ಗ್ರಾಂ. ಪ್ರೋಟೀನೂ ಹೆಚ್ಚು ಕಡಿಮೆ ಅಷ್ಟೇ ಇದೆ. ಹಾಗಂತ ಅದು ಔಷಧಿಯಲ್ಲ. ಅದರಲ್ಲಿ ಹೆಚ್ಚಿನ ಪಾಲು ಪಿಷ್ಟವೇ, ರೊಟ್ಟಿ ಹೆಚ್ಚಾದರೆ ರಕ್ತದ ಸಕ್ಕರೆಯೂ ಏರುತ್ತದೆ.

ಹೆಜ್ಜೆ 3: ಹಿಟ್ಟು ಹೊಸದಿರಲಿ

ಹಿಂಗಾರಿ ಬಿಳಿಜೋಳದ, ಅದರಲ್ಲೂ ಮಾಲ್ದಂಡಿಯ ರೊಟ್ಟಿಯ ರುಚಿ ನಮ್ಮವರಿಗೆ ಹೇಳಿಕೊಡಬೇಕಿಲ್ಲ. ಮಾಡಬೇಕಾದ ಕೆಲಸ ಇಷ್ಟೇ: ಗಿರಣಿಗೆ ಒಮ್ಮೆಗೇ ಹತ್ತು ಕಿಲೋ ಹಾಕಿಸದೆ ವಾರ, ಹತ್ತು ದಿನಕ್ಕೆ ಸಾಕಾಗುವಷ್ಟು ಬೀಸಿಸಿ. ಜೋಳದಲ್ಲಿ ಗೋಧಿಯ ಅಂಟು ಇಲ್ಲ. ಕುದಿಯುವ ನೀರು ಹಾಕಿ ನಾದಿದಾಗ ಪಿಷ್ಟ ಬೆಂದು ಜಿಗಿ ಬರುತ್ತದೆ. ಹಿಟ್ಟು ಹಳೆಯದಾದರೆ ಆ ಜಿಗಿ ಹೋಗಿ ರೊಟ್ಟಿ ಹರಿಯುತ್ತದೆ, ಕಹಿಯೂ ಆಗುತ್ತದೆ. ರೊಟ್ಟಿ ಹರಿಯಿತು ಅಂತ ಮೈದಾ, ಗೋಧಿ ಹಿಟ್ಟು ಬೆರೆಸುವುದು ಅಲ್ಲಿಂದಲೇ ಶುರು. ತೀರಾ ಸಣ್ಣ ಜರಡಿ ಹಿಡಿಯಬೇಡಿ, ತೌಡಿನ ಜೊತೆ ನಾರೂ ಹೋಗುತ್ತದೆ.

ಬಡಿಯಲು ಪುರಸತ್ತಿಲ್ಲದವರು ಓಣಿಯ ರೊಟ್ಟಿ ಕೇಂದ್ರದಿಂದ ತನ್ನಿ. ಕಡಕ್ ರೊಟ್ಟಿ ವಾರಗಟ್ಟಲೆ ಕೆಡದೆ ಇರುತ್ತದೆ. ಅದೊಂದು ಮನೆಯಲ್ಲಿದ್ದರೆ ರಾತ್ರಿ ಹತ್ತಕ್ಕೆ ಪರೋಟಾ ತರಿಸುವ ಪ್ರಸಂಗ ಬರುವುದಿಲ್ಲ.

ಹೆಜ್ಜೆ 4: ಹಸಿ ತಪ್ಪಲು ಮರಳಿ ತನ್ನಿ

ಈ ಮಾರ್ಗದರ್ಶಿಯಲ್ಲಿ ಒಂದನ್ನೇ ಪಾಲಿಸುತ್ತೇನೆ ಅನ್ನುವವರು ಇದನ್ನು ಆರಿಸಿಕೊಳ್ಳಿ. ನಮ್ಮ ಅಜ್ಜಿಯರು ಸಲಾಡ್ ಅನ್ನುವ ಹೆಸರನ್ನೇ ಕೇಳದೆ ದಿನಾ ಅದನ್ನು ತಿಂದವರು. ಹಕ್ಕರಕಿ, ಎಳೆ ಮೆಂತ್ಯ, ಮೂಲಂಗಿ ಅದರ ತಪ್ಪಲಿನ ಸಮೇತ, ಹಸಿ ಉಳ್ಳಾಗಡ್ಡಿ, ಸವತಿಕಾಯಿ, ಗಜ್ಜರಿ ಎಲ್ಲವೂ ರೊಟ್ಟಿಯ ತುತ್ತಿನ ನಡುವೆ ಕಚ್ಚಿ ತಿನ್ನುವಂಥವು. ಈಗ ತಾಟಿನಲ್ಲಿ ಉಳಿದಿರುವುದು ಉಳ್ಳಾಗಡ್ಡಿಯ ಎರಡು ಹೋಳು, ಅದೂ ಖಾನಾವಳಿಯವರು ಕೊಟ್ಟರೆ.

ಹಸಿಯಾಗಿ ತಿನ್ನುವ ತಪ್ಪಲನ್ನು ತೊಳೆಯುವುದರಲ್ಲಿ ಅವಸರ ಬೇಡ. ಬೇರು ಕತ್ತರಿಸಿ, ದೊಡ್ಡ ಪಾತ್ರೆಯ ನೀರಿನಲ್ಲಿ ಅದ್ದಿ ಅಲುಗಿಸಿ. ಮಣ್ಣು ತಳಕ್ಕೆ ಕೂತ ಮೇಲೆ ತಪ್ಪಲನ್ನು ಮೇಲಿನಿಂದ ಎತ್ತಿಕೊಳ್ಳಿ. ಪಾತ್ರೆಯ ನೀರು ತಿಳಿಯಾಗುವವರೆಗೆ ಹೀಗೆಯೇ ಮಾಡಿ, ಕೊನೆಗೆ ಕುಡಿಯುವ ನೀರಿನಲ್ಲಿ ಜಾಲಿಸಿ. ಮಳೆಗಾಲದಲ್ಲಿ ಚರಂಡಿ ನೀರು ಹರಿಯುವ ಕಡೆ ಬೆಳೆದ ತಪ್ಪಲಿನ ಮೇಲೆ ಅನುಮಾನ ಇದ್ದರೆ ಅದನ್ನು ಬೇಯಿಸಿಯೇ ತಿನ್ನಿ.

ಬರೀ ತಪ್ಪಲು ಗಂಟಲಲ್ಲಿ ಇಳಿಯುವುದಿಲ್ಲ ಅನ್ನುವವರಿಗೆ ಪಚಡಿ ಇದೆ. ಇಬ್ಬರಿಗೆ ಒಂದು ದೊಡ್ಡ ಹಿಡಿ ಎಳೆ ಮೆಂತ್ಯ, ಒಂದು ಉಳ್ಳಾಗಡ್ಡಿ, ಒಂದು ಸವತಿಕಾಯಿ, ಒಂದು ಟೊಮೆಟೊ ಸಣ್ಣಗೆ ಹೆಚ್ಚಿ. ಹುರಿದು ಕುಟ್ಟಿದ ಗುರೆಳ್ಳು (ಹುಚ್ಚೆಳ್ಳು) ಅಥವಾ ಶೇಂಗಾ ಪುಡಿ ಎರಡು ಚಮಚೆ ಉದುರಿಸಿ. ಊಟಕ್ಕೆ ಕೂರುವ ಹೊತ್ತಿಗೇ ಉಪ್ಪು ಹಾಕಿ, ಅರ್ಧ ಲಿಂಬೆಹಣ್ಣು ಹಿಂಡಿ. ಮೊದಲೇ ಉಪ್ಪು ಹಾಕಿಟ್ಟರೆ ನೀರು ಬಿಟ್ಟು ಮೆತ್ತಗಾಗುತ್ತದೆ. ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ಇಂಡಿ ಲಿಂಬೆಯ ಜಿಲ್ಲೆಯಲ್ಲಿದ್ದು ಲಿಂಬೆಗೆ ಜಿಪುಣತನ ಮಾಡಬಾರದು. ತಪ್ಪಲು ಮತ್ತು ಕಾಳಿನ ಕಬ್ಬಿಣದಂಶ ಮೈಗೆ ಹತ್ತುವುದಕ್ಕೆ ಲಿಂಬೆಯ ಸಿ ಜೀವಸತ್ವ ನೆರವಾಗುತ್ತದೆ. ಶಾಖಕ್ಕೆ ಅದು ಹಾಳಾಗುವುದರಿಂದ ಪಲ್ಲೆಗೆ ಹಿಂಡುವುದಿದ್ದರೂ ಒಲೆಯಿಂದ ಇಳಿಸಿದ ಮೇಲೆಯೇ ಹಿಂಡಿ.

ಬೇಯಿಸಿದ ಪಲ್ಲೆಯ ಬಗ್ಗೆ ಒಂದೇ ಮಾತು, ಅದೂ ಎಣ್ಣೆಗಾಯಿಯದು. ಬದನೆಕಾಯಿ ಸ್ಪಂಜಿನಂತೆ ಎಣ್ಣೆ ಹೀರುತ್ತದೆ. ಸೀಳಿದ ಎಳೆ ಬದನೆಕಾಯಿಗಳನ್ನು ಮೊದಲು ಆರೇಳು ನಿಮಿಷ ಹಬೆಯಲ್ಲಿ ಬೇಯಿಸಿ, ಆಮೇಲೆ ಶೇಂಗಾ, ಎಳ್ಳು, ಒಣಕೊಬ್ಬರಿಯ ಮಸಾಲೆ ತುಂಬಿ ಎರಡು ಚಮಚೆ ಎಣ್ಣೆಯಲ್ಲಿ ಮುಚ್ಚಿ ಬೇಯಿಸಿ. ಮಸಾಲೆಯೇ ಎಣ್ಣೆ ಬಿಟ್ಟುಕೊಳ್ಳುತ್ತದೆ. ಮೇಲೆ ಎಣ್ಣೆ ತೇಲದಿದ್ದರೆ ಅದು ಎಣ್ಣೆಗಾಯಿಯೇ ಅಲ್ಲ ಅನ್ನುವ ಮಾವಂದಿರು ಪ್ರತಿ ಮನೆಯಲ್ಲೂ ಇದ್ದಾರೆ. ಅವರಿಗೆ ಹಬ್ಬದ ದಿನ ಹಳೆಯ ಪದ್ಧತಿಯಲ್ಲೇ ಮಾಡಿಕೊಡಿ.

ಹೆಜ್ಜೆ 5: ರಾತ್ರಿ ನೆನೆಹಾಕುವ ಒಂದು ಹಿಡಿ ಕಾಳು

ಮಡಿಕಿಕಾಳು, ಹೆಸರುಕಾಳು, ಅಲಸಂದಿ, ಕಡಲೆ ಇವುಗಳಲ್ಲಿ ದಿನಕ್ಕೊಂದು. ರಾತ್ರಿ ಮಲಗುವ ಮುಂಚೆ ಒಬ್ಬರಿಗೆ ಒಂದು ಹಿಡಿಯಂತೆ ನೆನೆಹಾಕಿ. ಮೊಳಕೆ ಬೇಕಿದ್ದರೆ ಬೆಳಿಗ್ಗೆ ನೀರು ಬಸಿದು ಒದ್ದೆ ಅರಿವೆಯಲ್ಲಿ ಕಟ್ಟಿಡಿ. ನಮ್ಮ ಬೇಸಿಗೆಯಲ್ಲಿ ರಾತ್ರಿಯ ಹೊತ್ತಿಗೇ ಮೊಳಕೆ ಬರುತ್ತದೆ, ಚಳಿಗಾಲದಲ್ಲಿ ಇನ್ನೊಂದು ದಿನ ಬೇಕು. ಬಿಸಿಲುಗಾಲದಲ್ಲಿ ಅರಿವೆಯಲ್ಲೇ ಮರೆತರೆ ಹುಳಿವಾಸನೆ ಬರುತ್ತದೆ. ಅಂಥ ಕಾಳನ್ನು ಚೆಲ್ಲಿ. ಮೊಳಕೆಯನ್ನು ಹಸಿಯಾಗಿ ತಿನ್ನುವ ಬದಲು ಹಬೆಯಲ್ಲಿ ಸ್ವಲ್ಪ ಬೇಯಿಸಿ, ಹೊಟ್ಟೆಗೆ ಹಗುರ. ಬೇಳೆ, ಕಾಳು ಬೇಯಿಸಿದ ಕಟ್ಟನ್ನು ಚೆಲ್ಲಬೇಡಿ, ಸಾರಿಗೆ ಆಗುತ್ತದೆ.

ಕಾಳು ನೆನೆಹಾಕಲು ಮರೆತ ದಿನ ಝುಣಕ ಇದೆ. ಕಡಲೆಹಿಟ್ಟೂ ಕಾಳೇ, ಹತ್ತು ನಿಮಿಷದ ಕೆಲಸ.

ಹೆಜ್ಜೆ 6: ಹಿಂಡಿ ಇರಲಿ, ಉಪ್ಪು ಇಳಿಯಲಿ

ಅಗಸಿ, ಗುರೆಳ್ಳು, ಶೇಂಗಾ ಹಿಂಡಿಗಳು ನಮ್ಮ ಊಟದ ದೊಡ್ಡ ಆಸ್ತಿ. ಅಗಸಿಯಲ್ಲಿ ಒಮೇಗಾ-3 ಕೊಬ್ಬು ಇದೆ. ಇಡೀ ಕಾಳನ್ನು ನುಂಗಿದರೆ ಬಹಳಷ್ಟು ಹಾಗೇ ಹೊರಗೆ ಹೋಗುತ್ತದೆ, ಕುಟ್ಟಿ ಪುಡಿ ಮಾಡಿದರೆ ಮೈಗೆ ಹತ್ತುತ್ತದೆ. ಹಿಂಡಿ ಮಾಡುವ ನಮ್ಮ ಪದ್ಧತಿಯಲ್ಲಿ ಆ ಕೆಲಸ ತಾನಾಗಿಯೇ ಆಗಿಬಿಡುತ್ತದೆ. ಹದವಾಗಿ ಹುರಿದು, ವಾರ ಹದಿನೈದು ದಿನಕ್ಕೆ ಸಾಲುವಷ್ಟೇ ಕುಟ್ಟಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಹಳತಾದರೆ ಕಮಟು ವಾಸನೆ ಬರುತ್ತದೆ.

ಹಿಂಡಿ ಕುಟ್ಟುವಾಗ ಈಗ ಹಾಕುವ ಉಪ್ಪಿನ ಮುಕ್ಕಾಲು ಪಾಲು ಹಾಕಿ, ಬೆಳ್ಳುಳ್ಳಿ ಮತ್ತು ಹುಣಸೆಹುಳಿ ಸ್ವಲ್ಪ ಏರಿಸಿ. ಯಾರಿಗೂ ಗೊತ್ತಾಗುವುದಿಲ್ಲ. ರಂಜಕ (ಕೆಂಪು ಮೆಣಸಿನಕಾಯಿ ಚಟ್ನಿ), ಉಪ್ಪಿನಕಾಯಿ, ಹಪ್ಪಳ ಇವುಗಳಲ್ಲಿ ಒಂದು ಊಟಕ್ಕೆ ಒಂದೇ. ಮೊಸರಿಗೆ, ಅನ್ನಕ್ಕೆ ಮೇಲುಪ್ಪು ಬೇಡ. ಖಾರ ತಿಂದರೆ ಬಿಪಿ ಬರುತ್ತದೆ ಅಂತ ಮೆಣಸಿನಕಾಯಿಯನ್ನು ಬೈಯುತ್ತಾರೆ. ಬೈಸಿಕೊಳ್ಳಬೇಕಾದದ್ದು ಖಾರದ ಹಿಂದೆ ಅಡಗಿ ಕೂತ ಉಪ್ಪು.

ಹೆಜ್ಜೆ 7: ಚಹಾದ ಲೆಕ್ಕ

ಚಹಾ ಬಿಡಿ ಅಂತ ವಿಜಯಪುರದಲ್ಲಿ ಹೇಳುವ ಧೈರ್ಯ ನನಗಿಲ್ಲ, ಹೇಳುವ ಅಗತ್ಯವೂ ಇಲ್ಲ. ಎರಡು ಚಮಚೆ ಸಕ್ಕರೆ ಅಂದರೆ 8ರಿಂದ 10 ಗ್ರಾಂ. ದಿನಕ್ಕೆ ನಾಲ್ಕು ಸಲ ಕುಡಿದರೆ ಚಹಾ ಒಂದರಿಂದಲೇ 40 ಗ್ರಾಂ ಹತ್ತಿರ ಹೋಯಿತು. ಸಕ್ಕರೆಯನ್ನು ವಾರಕ್ಕೆ ಕಾಲು ಚಮಚೆಯಂತೆ ಇಳಿಸಿ. ನಾಲಿಗೆ ಹೊಂದಿಕೊಳ್ಳುತ್ತದೆ. ಒಮ್ಮೆಗೇ ನಿಲ್ಲಿಸಿದವರು ಮೂರನೇ ದಿನ ಬಿಸ್ಕತ್ತಿನಲ್ಲಿ ಅಷ್ಟನ್ನೂ ವಸೂಲಿ ಮಾಡುತ್ತಾರೆ. ಹೊರಗೆ ಕುಡಿಯುವಾಗ ಗೆಳೆಯರ ಜೊತೆ ಬೈಟೂ ಹೇಳಿ. ಬೆಲ್ಲದ ಚಹಾ ರುಚಿಗೆ ಒಳ್ಳೆಯದು, ಲೆಕ್ಕಕ್ಕೆ ಅದೂ ಸಕ್ಕರೆಯೇ.

ಊಟವಾದ ಕೂಡಲೇ ಚಹಾ ಬೇಡ. ಚಹಾದ ಒಗರು ಕಬ್ಬಿಣದಂಶ ಮೈಗೆ ಹತ್ತಲು ಬಿಡುವುದಿಲ್ಲ. ಒಂದು ತಾಸು ಬಿಟ್ಟು ಕುಡಿಯಿರಿ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು ಇದನ್ನು ಮುಖ್ಯವಾಗಿ ಪಾಲಿಸಬೇಕು.

ಹೆಜ್ಜೆ 8: ಖಾನಾವಳಿಯಲ್ಲಿ ಉಣ್ಣುವವರಿಗೆ

ಪರೀಕ್ಷೆಗೆ ಓದಲು ರೂಮ್ ಮಾಡಿಕೊಂಡಿರುವ ಹುಡುಗರು, ವರ್ಗವಾಗಿ ಬಂದ ನೌಕರರು ತಿಂಗಳ ಲೆಕ್ಕದ ಖಾನಾವಳಿಗೇ ಹೊಂದಿಕೊಳ್ಳಬೇಕು. ಅಲ್ಲಿ ರೊಟ್ಟಿಗೆ ಬರವಿಲ್ಲ, ಪಲ್ಲೆಗೆ ಇದೆ. ಪಲ್ಲೆ ಎರಡನೇ ಸಲ ಕೇಳಿ ಹಾಕಿಸಿಕೊಳ್ಳಿ, ‘ಅಕ್ಕಾರ, ಎಣ್ಣಿ ಸೋಸಿ ಹಾಕ್ರಿ’ ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ರೂಮಿನಲ್ಲಿ ಲಿಂಬೆಹಣ್ಣು, ಗಜ್ಜರಿ, ಸವತಿಕಾಯಿ, ಒಂದು ಡಬ್ಬಿ ಹುರಿದ ಶೇಂಗಾ ಇರಲಿ. ಊಟಕ್ಕೆ ಹೋಗುವಾಗ ಒಂದು ಸವತಿಕಾಯಿ ಕಿಸೆಯಲ್ಲಿಟ್ಟುಕೊಂಡು ಹೋದರೂ ನಾಚಿಕೆಯೇನಿಲ್ಲ. ನಾಷ್ಟಾಕ್ಕೆ ದಿನಾ ಪೂರಿ, ವಡಾ ಬೇಡ. ಶೇಂಗಾ ಹೆಚ್ಚು ಬಿದ್ದ ಅವಲಕ್ಕಿ ಅಥವಾ ಸೂಸಲದ (ಮಂಡಕ್ಕಿ ಒಗ್ಗರಣೆಯ) ಜೊತೆ ಒಂದು ಬಾಳೆಹಣ್ಣು ಸಾಕು.

ಹೆಜ್ಜೆ 9: ರಾತ್ರಿ ಊಟ

ಬೇಗ ಉಣ್ಣಿ, ಮಧ್ಯಾಹ್ನಕ್ಕಿಂತ ಒಂದು ರೊಟ್ಟಿ ಕಡಿಮೆ ಉಣ್ಣಿ. ಜೋಳದ ನುಚ್ಚು, ಮಜ್ಜಿಗೆ ಇದಕ್ಕೆ ಹೇಳಿ ಮಾಡಿಸಿದ್ದು. ಉಂಡ ಮೇಲೆ ಹತ್ತು ಹದಿನೈದು ನಿಮಿಷ ಅಡ್ಡಾಡಿ. ಊಟದ ನಂತರ ಏರುವ ರಕ್ತದ ಸಕ್ಕರೆಗೆ ಆ ನಡಿಗೆಯೇ ಕಡಿವಾಣ ಹಾಕುತ್ತದೆ.

ಹೆಜ್ಜೆ 10: ಖುಷಿಗೆ ವೇಳೆ ಗೊತ್ತು ಮಾಡಿ

ಇಷ್ಟೆಲ್ಲ ಪಾಲಿಸಿ ಬಾಯಿರುಚಿಗೆ ಬೀಗ ಹಾಕಿದರೆ ತಿಂಗಳೊಳಗೆ ಎಲ್ಲವೂ ಬಿದ್ದುಹೋಗುತ್ತದೆ. ಆದ್ದರಿಂದ ಖುಷಿಯ ಪದಾರ್ಥವನ್ನು ನೀವೇ ಆರಿಸಿ, ಮೊದಲೇ ಆರಿಸಿ. ರವಿವಾರ ರಾತ್ರಿ ಕೂತು ಮುಂದಿನ ವಾರಕ್ಕೆ ಎರಡನ್ನು ಹೆಸರಿಡಿ: ಏನು, ಯಾವತ್ತು, ಯಾರ ಜೊತೆ. ಬುಧವಾರ ಸಂಜೆ ಗೆಳೆಯರ ಜೊತೆ ಗಿರಮಿಟ್ (ಮಸಾಲೆ ಮಂಡಕ್ಕಿ), ಮಿರ್ಚಿ. ಶನಿವಾರ ಊಟದ ಮೇಲೆ ಕುಂದಾ. ಹೆಸರಿಟ್ಟ ಮೇಲೆ ಉಳಿದ ದಿನ ಬಂಡಿಯ ಮುಂದೆ ಹಾಯ್ದು ಹೋಗುವುದು ಅಷ್ಟು ಕಷ್ಟವಾಗುವುದಿಲ್ಲ, ಯಾಕೆಂದರೆ ಬುಧವಾರ ಬರುತ್ತದೆ ಅಂತ ಗೊತ್ತು.

ಮಿರ್ಚಿ ತಿನ್ನುವ ದಿನ ಕಣ್ಣ ಮುಂದೆ ಕರಿದದ್ದನ್ನೇ ತಿನ್ನಿ. ಬಾಣಲೆಯ ಎಣ್ಣೆ ಕಪ್ಪಗಾಗಿ, ಹೊಗೆಯಾಡುತ್ತಿದ್ದರೆ ಮುಂದಿನ ಬಂಡಿಗೆ ಹೋಗಿ. ಗಿರಮಿಟ್‌ಗೆ ಉಳ್ಳಾಗಡ್ಡಿ, ಟೊಮೆಟೊ ಜಾಸ್ತಿ ಹಾಕಿಸಿಕೊಂಡು, ಮಿರ್ಚಿ ಎರಡಕ್ಕೆ ನಿಲ್ಲಿಸಿದರೆ ಅದು ಸಂಜೆಯ ಫರಾಳವಾಗುತ್ತದೆ. ಆ ರಾತ್ರಿ ಒಂದು ರೊಟ್ಟಿ ಬಿಡಿ, ಲೆಕ್ಕ ಚುಕ್ತಾ.

ಸಿಹಿಯ ವಿಷಯದಲ್ಲಿ ನನ್ನದು ಒಂದೇ ಹಟ: ತಿಂದರೆ ಅಸಲಿಯದನ್ನೇ ತಿನ್ನಿ. ಶುಗರ್‌ಫ್ರೀ ಬಿಸ್ಕತ್ತು ಅರ್ಧ ಪಾಕೀಟು ತಿಂದೂ ಆಸೆ ತೀರದೆ ಇರುವುದಕ್ಕಿಂತ, ಸಣ್ಣ ವಾಟಿಯಲ್ಲಿ ಎರಡು ಚಮಚೆ ಬೆಳಗಾವಿ ಕುಂದಾ ಹಾಕಿಕೊಂಡು ಕೂತು ತಿನ್ನುವುದು ಮೇಲು. ಅಮೀನಗಡದ್ದಾಗಲಿ ಗೋಕಾಕಿನದ್ದಾಗಲಿ, ಕರದಂಟು ಬಾಣಂತಿಯರಿಗೆ ಕೊಡುವ ಅಂಟಿನುಂಡಿಯ ಬಳಗದ್ದು. ಅಂಟು, ಬೆಲ್ಲ, ಕೊಬ್ಬರಿ, ಉತ್ತತ್ತಿ ಎಲ್ಲ ಸೇರಿ ಶಕ್ತಿ ತುಂಬಿದೆ. ಒಂದು ತುಂಡು ಸಾಕು, ಡಬ್ಬಿಯನ್ನು ಮೇಜಿನ ಮೇಲೆ ಇಡಬೇಡಿ. ಊಟದ ಹಿಂದೆಯೇ ತಿಂದರೆ ಹೊಟ್ಟೆ ತುಂಬಿರುವುದರಿಂದ ಇನ್ನೊಂದಕ್ಕೆ ಕೈ ಹೋಗುವುದು ಕಡಿಮೆ.

ತಿನ್ನುವಾಗ ಕೂತು ತಿನ್ನಿ, ಮೊಬೈಲ್ ದೂರ ಇಡಿ. ರೀಲ್ಸ್ ನೋಡುತ್ತಾ ತಿಂದ ಕುಂದಾದ ರುಚಿ ನಾಲಿಗೆಗೆ ನೆನಪಿರುವುದಿಲ್ಲ, ಅರ್ಧ ತಾಸಿಗೆ ಮತ್ತೆ ಬೇಕೆನಿಸುತ್ತದೆ.

ದಿನದ ಖುಷಿಯೆಲ್ಲ ಬಾಯಿಗೇ ಸಂಬಂಧಿಸಿರಬೇಕಿಲ್ಲ. ಸಂಜೆ ವಿಜಯಪುರದ ಬಾರಾ ಕಮಾನಿನ ಹುಲ್ಲಿನ ಮೇಲೆ ಅರ್ಧ ತಾಸು, ಬೆಳಗಾವಿಯವರಿಗೆ ಕೋಟೆ ಕೆರೆಯ ಸುತ್ತು, ಬೇಸಿಗೆ ರಾತ್ರಿ ಮಾಳಿಗೆಯ ಮೇಲೆ ಚಾಪೆ ಹಾಸಿ ರೇಡಿಯೋ. ಬೇಸರಕ್ಕೆ ಏನಾದರೂ ಮುಕ್ಕುವ ಚಟ ಇರುವವರು ಆ ಹೊತ್ತಿಗೆ ಇಂಥದೊಂದನ್ನು ಗೊತ್ತು ಮಾಡಿಕೊಂಡರೆ ಡಾಣಿ ಪಾಕೀಟು ತಾನಾಗಿಯೇ ಉಳಿಯುತ್ತದೆ.

ಹಂಗಾಮಿನ ಪಟ್ಟಿ ಅಡುಗೆಮನೆಯ ಗೋಡೆಗೆ

ಕೊನೆಯದಾಗಿ ಒಂದು ಕಾಗದದ ಮೇಲೆ ನಮ್ಮ ನೆಲದ ಹಂಗಾಮು ಬರೆದು ಅಂಟಿಸಿ. ಅಗ್ಗವಾಗಿ, ತಾಜಾ ಆಗಿ ಸಿಗುವ ಖುಷಿಗಳು ಅದರಲ್ಲಿವೆ. ಫೆಬ್ರುವರಿಯಿಂದ ಏಪ್ರಿಲ್ ದ್ರಾಕ್ಷಿಯ ಕಾಲ. ಗೊಂಚಲನ್ನು ಬಿಡಿಸಿ, ಹರಿಯುವ ನೀರಿನಲ್ಲಿ ಉಜ್ಜಿ ತೊಳೆದು ತಿನ್ನಿ. ಒಣದ್ರಾಕ್ಷಿ ವರ್ಷವಿಡೀ ಇದ್ದರೂ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ ಇರುವುದರಿಂದ ಒಂದು ಸಣ್ಣ ಹಿಡಿಗೆ ನಿಲ್ಲಿಸಿ, ಜೊತೆಗೆ ಶೇಂಗಾ ಬೆರೆಸಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವಾಗ ಬಾಟಲಿ ತಂಪು ಪಾನೀಯದ ಜಾಗಕ್ಕೆ ಮಜ್ಜಿಗೆ, ಲಿಂಬು ನೀರು, ಕಲ್ಲಂಗಡಿ. ಮಳೆಗಾಲಕ್ಕೆ ಸುಟ್ಟ ಗೋವಿನಜೋಳದ ತೆನೆ, ಪುಂಡಿ ಪಲ್ಲೆ. ಸಂಕ್ರಾಂತಿಯ ಹೊತ್ತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಗಿಡದಿಂದ ಸುಲಿದು ತಿನ್ನುವ ಹಸಿಕಡಲೆ.

ಡಿಸೆಂಬರ್ ಕೊನೆಯಿಂದ ಜನವರಿಗೆ ಜೋಳದ ತೆನೆ ಹಾಲುಗಾಳಾದಾಗ ಸೀತನಿ. ಕುಳ್ಳಿನ ಕೆಂಡದಲ್ಲಿ ಸುಟ್ಟು, ಉಜ್ಜಿ, ಶೇಂಗಾ ಹಿಂಡಿಯ ಜೊತೆ ಬಿಸಿಬಿಸಿ ತಿನ್ನುವ ಇದು ಸಿಗುವುದು ಕೆಲವೇ ವಾರ, ಅದೂ ಹೊಲದಲ್ಲೇ ಚೆನ್ನ. ಹೊಲ ಇರುವ ಗೆಳೆಯರಿದ್ದರೆ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು (ಹೊಲಕ್ಕೆ ನೈವೇದ್ಯ ಹಾಕಲು) ಕರೆದಾಗಲೇ ಸೀತನಿಯ ದಿನವನ್ನೂ ಕೇಳಿಟ್ಟುಕೊಳ್ಳಿ.